ಮೊಪಾಸಾ: ಬಾಳು ಮತ್ತು ಕಥೆ

ಮೊಪಾಸಾನ ಹೆಸರನ್ನು ನಾನು ಮೊತ್ತಮೊದಲು ಕೇಳಿದ್ದು ಬಿ.ಎ. ಪ್ರಥಮ ವರ್ಷದ ಇಂಗ್ಲಿಷ್ ತರಗತಿಯಲ್ಲಿ. ಅಂದಿನ ಪಾಠ ‘ಕಂಠಹಾರ’ ಎಂಬ ಸಣ್ಣ ಕಥೆ. ಪ್ಯಾರಿಸಿನ ಸರ್ಕಾರಿ ಕಚೇರಿಯೊಂದರ ಗುಮಾಸ್ತನ ಹೆಂಡತಿಯಾದ ಮತಿಲ್ಡ್ ಎಂಬವಳು ಮಂತ್ರಿಗಳ ಮನೆಯ ಔತಣಕ್ಕೆ ಹೋಗಬೇಕಾಗಿ ಬರುತ್ತದೆ. ಗಂಡನು ಕೋವಿ ಕೊಳ್ಳಬೇಕೆಂದು ಕೂಡಿಟ್ಟಿದ್ದ 400 ಫ್ರಾಂಕುಗಳು ಅವಳ ಉಡುಪಿಗೆ ಹೋಗುತ್ತವೆ. ಕೊರಳು ಬರಿದಾಗಿರಬಾರದೆಂದು ಸಿರಿವಂತ ಗೆಳತಿಯಿಂದ ವಜ್ರದ ಹಾರವೊಂದನ್ನು ಎರವಲು ತರುತ್ತಾಳೆ. ಆ ರಾತ್ರಿ ಹಾರ ಕಳೆದುಹೋಗುತ್ತದೆ. ಗೆಳತಿಗೆ ನಿಜವನ್ನು ಹೇಳಲು ಬಾಯಿಬಾರದೆ, ಅಂಥದೇ ಇನ್ನೊಂದು ಹಾರವನ್ನು 36,000 ಫ್ರಾಂಕಿಗೆ ಕೊಂಡು ಗಂಡಹೆಂಡಿರು ಹಿಂದಿರುಗಿಸುತ್ತಾರೆ. ಆ ಸಾಲ ತೀರಲು ಹತ್ತು ವರ್ಷ ಹಿಡಿಯುತ್ತದೆ. ಮತಿಲ್ಡಳ ಕೈಗಳು ಪಾತ್ರೆ ತಿಕ್ಕಿ ತಿಕ್ಕಿ ಒರಟಾಗುತ್ತವೆ, ಚೆಲುವು ಕರಗುತ್ತದೆ. ಆಮೇಲೆ ಒಂದು ದಿನ ತಿಳಿಯುವುದೇನೆಂದರೆ, ಗೆಳತಿಯ ಹಾರ ನಕಲಿ, ಅದರ ಬೆಲೆ ಹೆಚ್ಚೆಂದರೆ 500 ಫ್ರಾಂಕು.

ಕಥೆ ಮುಗಿದಾಗ ತರಗತಿಯಲ್ಲಿ ಹಲವರು ನಕ್ಕರು. ನನಗೆ ನಗೆ ಬರಲಿಲ್ಲ. ನಮ್ಮ ಕೇರಿಯಲ್ಲಿ ಮದುವೆ ಮುಂಜಿ ಎಂದರೆ ಒಡವೆಯನ್ನು ಎರವಲು ತರುವುದು ಹೊಸದಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ ಅವ್ವ ತನ್ನ ಅಕ್ಕನ ಮಗಳ ಮದುವೆಗೆಂದು ಪಕ್ಕದ ಮನೆಯವರ ಎರಡೆಳೆ ಸರವನ್ನು ಹಾಕಿಕೊಂಡು ಹೋಗಿದ್ದಳು. ಊಟಕ್ಕೆ ಕುಳಿತರೂ ಅವಳ ಎಡಗೈ ಕೊರಳಿನ ಮೇಲೆಯೇ ಇತ್ತು. ರಾತ್ರಿ ಅಲ್ಲಿ ನಿಲ್ಲಿರೆಂದು ಎಲ್ಲರೂ ಬಲವಂತ ಮಾಡಿದರೂ ಕೊನೆಯ ಬಸ್ಸಿಗೆ ನಮ್ಮನ್ನು ಎಳೆದುಕೊಂಡು ಬಂದು, ಸರವನ್ನು ಒಪ್ಪಿಸಿದ ಮೇಲೆಯೇ ನೀರು ಕುಡಿದಳು. ಹತ್ತೊಂಬತ್ತನೆಯ ಶತಮಾನದ ಒಬ್ಬ ಫ್ರೆಂಚ್ ಕಥೆಗಾರನಿಗೆ ನಮ್ಮವ್ವನ ಆ ಎಡಗೈಯ ಸಂಗತಿ ಹೇಗೆ ತಿಳಿಯಿತು ಎಂಬುದೇ ನನ್ನ ಸೋಜಿಗ. ಆ ಸೋಜಿಗದ ಬೆನ್ನು ಹತ್ತಿ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿದ್ದ ಅವನ ಕಥೆಗಳ ಇಂಗ್ಲಿಷ್ ಅನುವಾದವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ವರ್ಷ ಓದಿದೆ. ಅವನ ಬಾಳಿನ ವಿಷಯವನ್ನೂ ಸಿಕ್ಕಿದಷ್ಟು ಹುಡುಕಿದೆ. ಈ ಲೇಖನ ಅದರ ಫಲ. ಇದರಲ್ಲಿ ಪಾಂಡಿತ್ಯವಿಲ್ಲ, ವಾಚಕರು ಮನ್ನಿಸಬೇಕು.

ಗೀ ದ ಮೊಪಾಸಾ 1850ನೆಯ ಇಸವಿ ಆಗಸ್ಟ್ 5ರಂದು ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದಲ್ಲಿ, ದ್ಯೆಪ್ ಪಟ್ಟಣದ ಬಳಿಯ ಮಿರೋಮೆನಿಲ್ ಎಂಬ ಹಳೆಯ ಮಹಲಿನಲ್ಲಿ ಹುಟ್ಟಿದನು. ಮಹಲೆಂದ ಮಾತ್ರಕ್ಕೆ ಸ್ವಂತದ್ದಲ್ಲ, ಬಾಡಿಗೆಯದು. ತಂದೆ ಗುಸ್ತಾವ್ ಚೆಲುವ, ವಿಲಾಸಿ. ಕೈಹಿಡಿದವಳಿಗೆ ನಿಷ್ಠನಾಗಿರುವುದು ಅವನಿಂದಾಗದ ಕೆಲಸ. ತಾಯಿ ಲೋರ್ ಓದಿದವಳು, ಸಾಹಿತ್ಯಪ್ರಿಯಳು, ತನ್ನ ಮಾತೇ ನಡೆಯಬೇಕೆನ್ನುವವಳು. ಇಬ್ಬರಿಗೂ ಒಗ್ಗಲಿಲ್ಲ. ಗೀ ಹತ್ತು ಹನ್ನೆರಡು ವರ್ಷದವನಾಗಿದ್ದಾಗ ಅವರು ಬೇರೆಯಾದರು. ತಾಯಿ ಗೀಯನ್ನೂ ಅವನ ತಮ್ಮ ಎರ್ವೆಯನ್ನೂ ಕರೆದುಕೊಂಡು ಎತ್ರೆತಾ ಎಂಬ ಕಡಲ ತಡಿಯ ಊರಿನಲ್ಲಿ ನೆಲೆಸಿದಳು.

ಒಡೆದ ಮನೆಯ ನೋವು ಅವನ ಕಥೆಗಳಲ್ಲಿ ಮತ್ತೆ ಮತ್ತೆ ತಲೆಹಾಕುತ್ತದೆ. 1879ರಲ್ಲಿ ಬರೆದ ‘ಸಿಮೋನನ ಅಪ್ಪ’ ಎಂಬ ಕಥೆಯಲ್ಲಿ ಶಾಲೆಯ ಹುಡುಗರೆಲ್ಲ ಸೇರಿ ತಂದೆಯಿಲ್ಲದ ಬಾಲಕನೊಬ್ಬನನ್ನು ಹಂಗಿಸುತ್ತಾರೆ. ಅವನು ಹೊಳೆಗೆ ಹಾರಲು ಹೋದಾಗ ಕಮ್ಮಾರನೊಬ್ಬ ಅವನ ಕಣ್ಣೊರೆಸಿ, ಕೊನೆಗೆ ಅವನ ತಾಯಿಯನ್ನು ಮದುವೆಯಾಗಿ ಅಪ್ಪನಾಗುತ್ತಾನೆ. ಇನ್ನೊಂದು ಕಥೆಯಲ್ಲಿ ಸಿರಿವಂತ ಮನೆತನದ ಒಬ್ಬನು ಹಗಲಿಡೀ ಹೋಟೆಲಿನ ಮೂಲೆಯಲ್ಲಿ ಕುಳಿತು ಬಿಯರ್ ಕುಡಿಯುತ್ತಿರುತ್ತಾನೆ. ಬಾಲ್ಯದಲ್ಲಿ ತಂದೆ ತಾಯಿಯನ್ನು ಹೊಡೆದದ್ದನ್ನು ಕಣ್ಣಾರೆ ಕಂಡ ದಿನದಿಂದ ಅವನಿಗೆ ಜಗತ್ತಿನ ಯಾವುದರಲ್ಲೂ ರುಚಿಯಿಲ್ಲ. 1888ರ ‘ಪಿಯೇರ್ ಮತ್ತು ಝಾನ್’ ಕಾದಂಬರಿಯಲ್ಲಿ ಅಣ್ಣತಮ್ಮಂದಿರ ನಡುವೆ ಎದ್ದ ಸಂಶಯವೂ ಒಬ್ಬನ ತಂದೆ ಯಾರೆಂಬುದೇ. ಇವೆಲ್ಲ ಅವನ ಮನೆಯ ಕಥೆಯೇ ಎಂದು ಹೇಳುವುದು ದುಡುಕಾದೀತು. ಆದರೆ ಇಷ್ಟು ಸಲ ಇದೇ ಗಾಯವನ್ನು ಮುಟ್ಟಿ ನೋಡುವವನಿಗೆ ಎಲ್ಲಿಯೋ ನೋವಿರಲೇಬೇಕು.

ಎತ್ರೆತಾ ಮಾತ್ರ ಹುಡುಗನಿಗೆ ಸ್ವರ್ಗವಾಯಿತು. ಕಡಲಿನೊಳಕ್ಕೆ ಚಾಚಿದ ಬಿಳಿಯ ಸುಣ್ಣಕಲ್ಲಿನ ಬಂಡೆಗಳು, ಅವುಗಳಲ್ಲಿ ತೆರೆಗಳು ಕೊರೆದ ಕಮಾನುಗಳು. ಬೆಸ್ತರ ದೋಣಿಗಳಲ್ಲಿ ಅವನು ಕಡಲಿಗೆ ಹೋಗುತ್ತಿದ್ದನು, ರೈತರ ಮಕ್ಕಳ ಜೊತೆ ಹೊಲಗಳಲ್ಲಿ ಅಲೆಯುತ್ತಿದ್ದನು. ದೊಡ್ಡ ಮನೆಯ ಮಗನಾದರೂ ಅವರ ಆಡುನುಡಿ ಅವನ ನಾಲಗೆಗೆ ಹತ್ತಿತು. ಮುಂದೆ ಅವನು ಬರೆದ ನಾರ್ಮಂಡಿಯ ರೈತರು ಪುಸ್ತಕದಿಂದ ಹುಟ್ಟಿದವರಲ್ಲ, ಈ ಓಣಿಗಳಿಂದ ಎದ್ದು ಬಂದವರು.

1868ರ ಬೇಸಗೆಯಲ್ಲಿ ಇಲ್ಲಿಯೇ ಒಂದು ವಿಚಿತ್ರ ಘಟನೆ ನಡೆಯಿತು. ಇಂಗ್ಲಿಷ್ ಕವಿ ಸ್ವಿನ್‌ಬರ್ನ್ ಈಜಲು ಹೋಗಿ ಸೆಳವಿಗೆ ಸಿಕ್ಕಿ ಮುಳುಗುವುದರಲ್ಲಿದ್ದನು. ನೆರವಿಗೆ ಧಾವಿಸಿದವರಲ್ಲಿ ಹದಿನೆಂಟು ವರ್ಷದ ಮೊಪಾಸಾನೂ ಒಬ್ಬನು. ಕೃತಜ್ಞನಾದ ಕವಿ ಅವನನ್ನು ತಾನಿದ್ದ ಮನೆಗೆ ಊಟಕ್ಕೆ ಕರೆದನು. ಆ ಮನೆಯಲ್ಲಿ ಚರ್ಮ ಸುಲಿದು ಒಣಗಿಸಿದ ಮನುಷ್ಯನ ಕೈಯೊಂದಿತ್ತಂತೆ. ಆ ಕೈ ಹುಡುಗನ ಮನಸ್ಸನ್ನು ಹಿಡಿದದ್ದು ಬಿಡಲೇ ಇಲ್ಲ. 1875ರಲ್ಲಿ ಅಚ್ಚಾದ ಅವನ ಮೊದಲ ಕಥೆಯ ವಸ್ತು ಅದೇ. 1883ರಲ್ಲಿ ಮತ್ತೊಮ್ಮೆ ಅದನ್ನೇ ಬೇರೆ ರೀತಿಯಲ್ಲಿ ಬರೆದನು.

ಓದಿನ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಈವ್ತೋ ಊರಿನ ಪಾದ್ರಿಗಳ ಶಾಲೆ ಅವನಿಗೆ ಸೆರೆಮನೆಯಾಯಿತು. ತುಂಟ ಪದ್ಯಗಳನ್ನು ಬರೆದ ಅವನನ್ನು 1868ರಲ್ಲಿ ಅಲ್ಲಿಂದ ಹೊರಹಾಕಿದರು. ಆಮೇಲೆ ರೂಆನ್ ನಗರದ ಶಾಲೆಯಲ್ಲಿ ಓದಿ 1869ರಲ್ಲಿ ಪರೀಕ್ಷೆ ಮುಗಿಸಿ, ಕಾನೂನು ಕಲಿಯಲೆಂದು ಪ್ಯಾರಿಸಿಗೆ ಹೋದನು. ಮರುವರ್ಷವೇ ಯುದ್ಧ ಬಂದಿತು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ನಡೆದ ಆ ಯುದ್ಧದಲ್ಲಿ ಇಪ್ಪತ್ತು ವರ್ಷದ ಮೊಪಾಸಾ ಸೈನ್ಯ ಸೇರಿದನು. ಅವನಿಗೆ ಸಿಕ್ಕಿದ್ದು ಸೈನ್ಯಕ್ಕೆ ಸಾಮಗ್ರಿ ಒದಗಿಸುವ ವಿಭಾಗದ ಲೆಕ್ಕಪತ್ರದ ಕೆಲಸ. ಆದರೆ ಸೋಲಿನ ಹಿಮ್ಮೆಟ್ಟುವಿಕೆಯಲ್ಲಿ ಲೆಕ್ಕ ಬರೆಯುವವನೂ ಓಡಬೇಕು, ಬಂದೂಕು ಹಿಡಿದವನೂ ಓಡಬೇಕು. ಡಿಸೆಂಬರಿನಲ್ಲಿ ಪ್ರಷ್ಯನರು ರೂಆನ್ ನಗರವನ್ನು ಹಿಡಿದರು. ಚದುರಿದ ಸೈನ್ಯದ ಜೊತೆ ಹಿಮದಲ್ಲಿ ನಡೆದ ಅವನು ಸೆರೆಯಾಗುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡನು. ಯುದ್ಧದಲ್ಲಿ ಅವನು ವೀರರನ್ನು ಕಾಣಲಿಲ್ಲ. ಕಂಡದ್ದು ದಣಿದ ಕಾಲುಗಳನ್ನು, ಹಸಿವನ್ನು, ಅಂಗಡಿ ಮುಚ್ಚಿ ಗೆದ್ದವರಿಗೆ ಕೈಮುಗಿದ ವರ್ತಕರನ್ನು.

ಅವನ ಯುದ್ಧದ ಕಥೆಗಳಲ್ಲಿ ಕಹಳೆಯ ಸದ್ದಿಲ್ಲದಿರುವುದಕ್ಕೆ ಇದೇ ಕಾರಣ. ‘ಇಬ್ಬರು ಗೆಳೆಯರು’ ಎಂಬ ಕಥೆಯನ್ನು ನೋಡಿ. ಮುತ್ತಿಗೆಯಲ್ಲಿ ಸಿಕ್ಕಿದ ಪ್ಯಾರಿಸಿನಲ್ಲಿ ಒಬ್ಬ ಗಡಿಯಾರದವನು, ಒಬ್ಬ ಚಿಲ್ಲರೆ ಅಂಗಡಿಯವನು, ಮೀನಿನ ಗಾಳದ ಹುಚ್ಚು ತಾಳಲಾರದೆ ಕಾವಲು ದಾಟಿ ನದಿಗೆ ಹೋಗುತ್ತಾರೆ. ಹಿತವಾದ ಬಿಸಿಲು, ಬುಟ್ಟಿ ತುಂಬ ಮೀನು. ಅಷ್ಟರಲ್ಲಿ ಪ್ರಷ್ಯನರ ಕೈಗೆ ಸಿಕ್ಕಿಬೀಳುತ್ತಾರೆ. ಕಾವಲಿನ ಗುಟ್ಟಿನ ಮಾತನ್ನು ಹೇಳಿದರೆ ಬಿಡುಗಡೆ, ಇಲ್ಲದಿದ್ದರೆ ಗುಂಡು. ಇಬ್ಬರೂ ಹೇಳುವುದಿಲ್ಲ. ಹೆಣಗಳು ನದಿಗೆ ಬೀಳುತ್ತವೆ. ಅಧಿಕಾರಿ ಆ ಮೀನುಗಳನ್ನು ಹುರಿದುಕೊಡಲು ಅಡಿಗೆಯವನಿಗೆ ಅಪ್ಪಣೆಮಾಡಿ ಮತ್ತೆ ಪೈಪು ಸೇದುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಕಥೆಗಾರ ತನ್ನ ಕಡೆಯಿಂದ ಒಂದು ನಿಟ್ಟುಸಿರನ್ನೂ ಸೇರಿಸಿಲ್ಲ. ‘ಸೊವಾಝ್ ಮುದುಕಿ’ ಎಂಬ ಕಥೆಯ ತಾಯಿ ತನ್ನ ಮನೆಯಲ್ಲಿ ಬಿಡಾರ ಹೂಡಿದ ನಾಲ್ವರು ಪ್ರಷ್ಯನ್ ಹುಡುಗರನ್ನು ಮಕ್ಕಳಂತೆ ನೋಡಿಕೊಳ್ಳುತ್ತಿರುತ್ತಾಳೆ. ತನ್ನ ಮಗ ಯುದ್ಧದಲ್ಲಿ ಸತ್ತ ಕಾಗದ ಬಂದ ದಿನ ಅವರು ಮಲಗಿದ್ದಾಗ ಮನೆಗೆ ಬೆಂಕಿಯಿಡುತ್ತಾಳೆ. ಸತ್ತ ಹುಡುಗರಿಗೂ ತಾಯಂದಿರಿದ್ದಾರೆಂಬುದನ್ನು ಕಥೆ ನಮಗೆ ಮರೆಯಗೊಡುವುದಿಲ್ಲ.

1871ರಲ್ಲಿ ಸೈನ್ಯದಿಂದ ಹೊರಬಂದವನಿಗೆ ಹೊಟ್ಟೆಪಾಡಿನ ಚಿಂತೆ. ಮನೆಯ ಹಣ ಕರಗಿತ್ತು. 1872ರಲ್ಲಿ ನೌಕಾ ಇಲಾಖೆಯ ಕಚೇರಿಯಲ್ಲಿ ಮೊದಲು ಸಂಬಳವಿಲ್ಲದೆ ಸೇರಿಕೊಂಡನು. ಮರುವರ್ಷ ತಿಂಗಳಿಗೆ 125 ಫ್ರಾಂಕು ಗೊತ್ತಾಯಿತು. 1878ರ ಕೊನೆಯಲ್ಲಿ ಶಿಕ್ಷಣ ಇಲಾಖೆಗೆ ಬಂದನು. ಒಟ್ಟಿನಲ್ಲಿ ಏಳೆಂಟು ವರ್ಷ ಗುಮಾಸ್ತಗಿರಿ. ಕಡಲಿನಲ್ಲಿ ಬೆಳೆದವನಿಗೆ ಕಡತಗಳ ಧೂಳು, ಮೇಲಧಿಕಾರಿಯ ಗುರುಗುಟ್ಟುವಿಕೆ, ರಜೆಗಾಗಿ ಹಲ್ಲುಗಿಂಜುವುದು ನರಕವಾಗಿ ಕಂಡಿತು. ಭಾನುವಾರ ಬಂದರೆ ಬಿಡುಗಡೆ. ಸೀನ್ ನದಿಯ ಮೇಲೆ ಅರ್ಝಾಂತೈ, ಶಾತೂ ಕಡೆ ಗೆಳೆಯರ ಜೊತೆ ದೋಣಿ ನಡೆಸುವುದು, ಕುಡಿತ, ಹಾಡು, ಹೆಣ್ಣುಗಳ ಸಹವಾಸ. ಗಟ್ಟಿಮುಟ್ಟಾದ ಆಳು, ದಿನವಿಡೀ ಹುಟ್ಟುಹಾಕಿದರೂ ದಣಿವಿಲ್ಲ.

ಈ ಕಚೇರಿ ಅವನ ಎಷ್ಟೋ ಕಥೆಗಳಿಗೆ ಗಣಿಯಾಯಿತು. ‘ಕಂಠಹಾರ’ದ ಗಂಡ ಶಿಕ್ಷಣ ಇಲಾಖೆಯ ಗುಮಾಸ್ತ, ಅದು ಮೊಪಾಸಾ ತಾನೇ ಕುಳಿತೆದ್ದ ಕಚೇರಿ. ಆ ಕುಟುಂಬಕ್ಕೆ 400 ಫ್ರಾಂಕು ಎಂದರೆ ಎಷ್ಟು ಎಂಬುದು 125 ಫ್ರಾಂಕಿನ ಸಂಬಳ ಎಣಿಸಿದವನಿಗೆ ಗೊತ್ತು. ‘ಕುದುರೆಯ ಮೇಲೆ’ ಎಂಬ ಇನ್ನೊಂದು ಕಥೆಯಲ್ಲಿ ನೌಕಾ ಇಲಾಖೆಯ ಗುಮಾಸ್ತನೊಬ್ಬನಿಗೆ ಅಪರೂಪಕ್ಕೆ ಹೆಚ್ಚಿನ ಹಣ ಬರುತ್ತದೆ. ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ, ತಾನು ಬಾಡಿಗೆ ಕುದುರೆ ಏರಿ ಜಂಬದಿಂದ ವಿಹಾರಕ್ಕೆ ಹೋಗುತ್ತಾನೆ. ಹಿಂದಿರುಗುವಾಗ ಕುದುರೆ ಒಬ್ಬ ಮುದುಕಿಯನ್ನು ಕೆಡವುತ್ತದೆ. ಮುದುಕಿ ಹಾಸಿಗೆ ಹಿಡಿದು, ತಿನ್ನುತ್ತ ಉಣ್ಣುತ್ತ, ಏಳಲಾರೆನೆಂದು ಹಟ ಹಿಡಿದು, ಅವನ ಜೀವಮಾನದ ಹೊರೆಯಾಗುತ್ತಾಳೆ. ಒಂದೇ ಒಂದು ದಿನದ ಸುಖಕ್ಕೆ ಬಡವ ತೆರುವ ಬೆಲೆ ಅದು. ‘ಕಂಠಹಾರ’ದ ತಿರುಳೂ ಇದೇ ಅಲ್ಲವೆ?

ಇಲ್ಲಿ ನನ್ನದೊಂದು ಮಾತನ್ನು ಹೇಳಬೇಕಾಗಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಪ್ಪ ಮಂಡಿಯಲ್ಲಿ ಹಮಾಲಿ. ಗೋಣಿಚೀಲ ಹೊತ್ತು ಅವನ ಬಲಭುಜ ಎಡಭುಜಕ್ಕಿಂತ ತಗ್ಗಾಗಿದೆ. ನಾನು ಒಂದು ಸರ್ಕಾರಿ ಕಚೇರಿಯ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತದ್ದನ್ನು ಕಂಡು ಸಾಯಬೇಕೆಂಬುದು ಅವನ ಆಸೆ. ಮೊಪಾಸಾ ಯಾವುದನ್ನು ಸೆರೆಮನೆ ಎಂದನೋ ಅದೇ ನಮ್ಮ ಮನೆಯವರಿಗೆ ಮೋಕ್ಷ. ಮೊದಮೊದಲು ಇದರಿಂದ ನನಗೆ ಅವನ ಮೇಲೆ ಸಿಟ್ಟು ಬಂದದ್ದುಂಟು. ತಾಯಿಗೆ ಹೆಸರಾಂತ ಸಾಹಿತಿಗಳ ಪರಿಚಯವಿದ್ದವನು, ತಂದೆಯಿಂದ ಪ್ಯಾರಿಸಿನಲ್ಲಿ ಕೈಖರ್ಚಿಗೆ ಪಡೆಯುತ್ತಿದ್ದವನು ಗುಮಾಸ್ತಗಿರಿಯನ್ನು ಹಳಿಯುವುದು ಸುಲಭ. ಚೀಲ ಹೊತ್ತವನ ಮಗ ಹಳಿಯಲಿ ನೋಡೋಣ ಎಂದುಕೊಂಡಿದ್ದೆ. ಈಗ ಅಷ್ಟು ಸಿಟ್ಟಿಲ್ಲ. ಅವನು ನಕ್ಕದ್ದು ಗುಮಾಸ್ತನ ಬಡತನಕ್ಕಲ್ಲ, ಬಡತನವನ್ನು ಮುಚ್ಚಿಡಲು ಅವನು ಪಡುವ ಪಾಡಿಗೆ. ಆ ನಗೆಯಲ್ಲಿ ಅವನ ಸ್ವಂತದ ಏಳೆಂಟು ವರ್ಷಗಳೂ ಸೇರಿವೆ. ಆದರೂ ಅರ್ಜಿ ಹಾಕುವಾಗ ಅವನ ಕಥೆಗಳು ನೆನಪಿಗೆ ಬರುತ್ತವೆ. ಅರ್ಜಿಯನ್ನೇನೋ ಹಾಕಿದ್ದೇನೆ.

ಈ ವರ್ಷಗಳಲ್ಲಿ ಅವನನ್ನು ಕಾಪಾಡಿದವನು ‘ಮದಾಂ ಬೊವಾರಿ’ ಕಾದಂಬರಿಯ ಕರ್ತೃ ಗುಸ್ತಾವ್ ಫ್ಲೊಬೇರ್. ಮೊಪಾಸಾನ ಸೋದರಮಾವ ಆಲ್ಫ್ರೆಡ್, ಫ್ಲೊಬೇರನ ಪ್ರಾಣಸ್ನೇಹಿತನಾಗಿದ್ದನು. 1848ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡನು. ಸತ್ತ ಗೆಳೆಯನ ಮುಖವನ್ನು ಫ್ಲೊಬೇರ್ ಈ ಹುಡುಗನಲ್ಲಿ ಕಂಡನು. ಭಾನುವಾರಗಳಂದು ಅವನ ಮನೆಯಲ್ಲಿ ಜೋಲಾ, ದೋದೆ, ಎದ್ಮೋಂ ದ ಗೊಂಕೂರ್, ರಷ್ಯದ ತುರ್ಗೆನೆವ್ ಮುಂತಾದವರು ಸೇರುತ್ತಿದ್ದರು. ಮೂಲೆಯಲ್ಲಿ ಗುಮಾಸ್ತ ಮೊಪಾಸಾ ಕುಳಿತು ಕೇಳುತ್ತಿದ್ದನು. ತಾನು ಬರೆದ ಪದ್ಯ, ನಾಟಕ, ಕಥೆಗಳನ್ನು ತಂದು ಗುರುವಿನ ಮುಂದಿಡುತ್ತಿದ್ದನು. ಗುರು ಗೀಟು ಹಾಕಿ ಹಿಂದಿರುಗಿಸುತ್ತಿದ್ದನು. ಅವಸರದಿಂದ ಅಚ್ಚು ಮಾಡಿಸಬಾರದೆಂಬುದು ಕಟ್ಟುನಿಟ್ಟು.

ಫ್ಲೊಬೇರ್ ಕಲಿಸಿದ್ದೇನು ಎಂಬುದನ್ನು ಮೊಪಾಸಾ ಮುಂದೆ ‘ಪಿಯೇರ್ ಮತ್ತು ಝಾನ್’ ಕಾದಂಬರಿಯ ಪೀಠಿಕೆಯಲ್ಲಿ ವಿವರಿಸಿದ್ದಾನೆ. ಪ್ರತಿಭೆ ಎಂಬುದು ದೀರ್ಘವಾದ ತಾಳ್ಮೆ. ಯಾವ ವಸ್ತುವನ್ನಾದರೂ ಬೇರೆ ಯಾರೂ ಕಾಣದ್ದು ಕಾಣುವವರೆಗೆ ದಿಟ್ಟಿಸಬೇಕು. ಬಾಗಿಲಲ್ಲಿ ಕುಳಿತ ದಿನಸಿ ಅಂಗಡಿಯವನನ್ನು ವರ್ಣಿಸಿದರೆ ಅವನು ಜಗತ್ತಿನ ಇನ್ನಾವ ದಿನಸಿ ಅಂಗಡಿಯವನೂ ಆಗಿರಬಾರದು. ಜಟಕಾ ನಿಲ್ದಾಣದ ಕುದುರೆಯೊಂದು ಮುಂದಿನ ಹಿಂದಿನ ಐವತ್ತು ಕುದುರೆಗಳಿಗಿಂತ ಹೇಗೆ ಬೇರೆ ಎಂಬುದನ್ನು ಒಂದೇ ಮಾತಿನಲ್ಲಿ ತೋರಿಸಬೇಕು. ಹೇಳಬೇಕಾದುದಕ್ಕೆ ಸಲ್ಲುವ ಪದ ಒಂದೇ. ಅದು ಸಿಗುವವರೆಗೆ ಹುಡುಕಬೇಕು, ಹತ್ತಿರದ್ದಕ್ಕೆ ತೃಪ್ತಿಪಡಬಾರದು. ಇದನ್ನೋದಿದ ಮೇಲೆ ನಾನೂ ಒಂದು ದಿನ ಮಂಡಿಗೆ ಹೋಗಿ ಎತ್ತುಗಳನ್ನು ದಿಟ್ಟಿಸುತ್ತ ನಿಂತಿದ್ದೆ. ಏನೂ ಹೊಳೆಯಲಿಲ್ಲ. ಕೊಳ್ಳುವವನೆಂದು ತಿಳಿದು ದಲ್ಲಾಳಿಯೊಬ್ಬ ಬಂದು ಮಾತನಾಡಿಸಿದ.

ಇಷ್ಟು ವರ್ಷದ ತಾಳ್ಮೆ 1880ರಲ್ಲಿ ಫಲಿಸಿತು. ಜೋಲಾ ಮತ್ತು ಅವನ ಐವರು ಕಿರಿಯ ಮಿತ್ರರು ಸೇರಿ ಯುದ್ಧದ ಕಥೆಗಳ ಸಂಕಲನವೊಂದನ್ನು ಹೊರತಂದರು. ಅದರಲ್ಲಿ ಮೊಪಾಸಾನ ಪಾಲು ‘ಬೂಲ್ ದ ಸ್ವೀಫ್’, ಎಂದರೆ ಕೊಬ್ಬಿನ ಉಂಡೆ. ಅದು ಕಥೆಯ ನಾಯಕಿಯ ಅಡ್ಡಹೆಸರು. ಪ್ರಷ್ಯನರು ಹಿಡಿದ ರೂಆನ್ ನಗರದಿಂದ ಹತ್ತು ಮಂದಿ ಒಂದು ಗಾಡಿಯಲ್ಲಿ ಹೊರಡುತ್ತಾರೆ. ವರ್ತಕರು, ಜಮೀನುದಾರರು, ಇಬ್ಬರು ಸಂನ್ಯಾಸಿನಿಯರು, ಒಬ್ಬ ಪ್ರಜಾಪ್ರಭುತ್ವವಾದಿ, ಜೊತೆಗೆ ಒಬ್ಬ ವೇಶ್ಯೆ. ಹಿಮದಲ್ಲಿ ಗಾಡಿ ತಡವಾಗಿ ಎಲ್ಲರೂ ಹಸಿದಾಗ ಅವಳು ತನ್ನ ಬುಟ್ಟಿಯ ಊಟವನ್ನು ಎಲ್ಲರಿಗೂ ಹಂಚುತ್ತಾಳೆ. ದಾರಿಯ ಛತ್ರದಲ್ಲಿ ಪ್ರಷ್ಯನ್ ಅಧಿಕಾರಿ, ಅವಳು ತನ್ನ ಬಳಿಗೆ ಬರುವ ತನಕ ಗಾಡಿಯನ್ನು ಬಿಡುವುದಿಲ್ಲವೆನ್ನುತ್ತಾನೆ. ದೇಶಾಭಿಮಾನದಿಂದ ಅವಳು ಒಪ್ಪುವುದಿಲ್ಲ. ಮೊದಲು ಹೊಗಳಿದ ಮರ್ಯಾದಸ್ಥರೇ ದಿನ ಕಳೆದಂತೆ ಪುರಾಣ, ಚರಿತ್ರೆ, ಧರ್ಮ ಎಲ್ಲವನ್ನೂ ಎಳೆತಂದು ಅವಳನ್ನು ಒಪ್ಪಿಸುತ್ತಾರೆ. ಮರುದಿನ ಗಾಡಿ ಹೊರಟಾಗ ಅವಳ ಕಡೆ ಯಾರೂ ನೋಡುವುದಿಲ್ಲ. ಗಡಿಬಿಡಿಯಲ್ಲಿ ಊಟ ಕಟ್ಟಿಕೊಳ್ಳದ ಅವಳಿಗೆ ಒಂದು ತುತ್ತನ್ನೂ ಕೊಡದೆ ಅವಳೆದುರಿಗೇ ತಿನ್ನುತ್ತಾರೆ. ಅವಳು ಅಳುತ್ತಿರುತ್ತಾಳೆ.

ಫ್ಲೊಬೇರ್ ಇದನ್ನು ಓದಿ ಮಹಾಕೃತಿಯೆಂದು ಸಾರಿದನು. ಕೆಲವೇ ತಿಂಗಳುಗಳಲ್ಲಿ, ಮೇ 8ರಂದು, ಅವನು ಹಠಾತ್ತನೆ ತೀರಿಕೊಂಡನು. ಶಿಷ್ಯ ಗೆದ್ದದ್ದನ್ನು ಕಂಡು ಹೋದನೆಂಬುದೊಂದೇ ಸಮಾಧಾನ.

ಆಮೇಲಿನ ಹತ್ತು ವರ್ಷ ಒಂದು ಪ್ರವಾಹ. ಕಚೇರಿಗೆ ರಜೆ ಹಾಕಿ ಹೊರಬಿದ್ದವನು ಮತ್ತೆ ಆ ಮೇಜಿಗೆ ಹಿಂದಿರುಗಲಿಲ್ಲ. ‘ಗೊಲ್ವಾ’, ‘ಝಿಲ್ ಬ್ಲಾ’ ಎಂಬ ಪತ್ರಿಕೆಗಳಿಗೆ ವಾರವಾರವೂ ಕಥೆ. ಸುಮಾರು ಮುನ್ನೂರು ಸಣ್ಣ ಕಥೆಗಳು, ಆರು ಕಾದಂಬರಿಗಳು, ಮೂರು ಪ್ರವಾಸಗ್ರಂಥಗಳು. ಪತ್ರಿಕೆಯ ಅಂಕಣದ ಅಳತೆಯೇ ಅವನ ಕಥೆಗಳಿಗೆ ಬಿಗಿಯನ್ನು ಕಲಿಸಿತೆಂದು ನನಗೆ ತೋರುತ್ತದೆ. ಹಣ ಹರಿದು ಬಂದಿತು. ಎತ್ರೆತಾದಲ್ಲಿ ಮನೆ ಕಟ್ಟಿಸಿದನು, ಸ್ವಂತದ ಹಾಯಿದೋಣಿಗೆ ತನ್ನ ಕಾದಂಬರಿಯ ಹೆಸರಾದ ‘ಬೆಲ್ ಆಮಿ’ ಎಂದೇ ಹೆಸರಿಟ್ಟನು. ಅಷ್ಟು ಬರೆದದ್ದರಲ್ಲಿ ಎಲ್ಲವೂ ಚಿನ್ನವಲ್ಲ. ಕೆಲವು ಬರಿಯ ಚಪಲದ ಕಥೆಗಳು, ಕೆಲವು ಚಮತ್ಕಾರಕ್ಕಾಗಿ ಹೆಣೆದವು. ಆದರೆ ರೈತರ ಕಥೆಗಳಲ್ಲಿ ಅವನು ಸೋಲುವುದು ಅಪರೂಪ.

ಅವುಗಳಲ್ಲಿ ‘ದಾರದ ತುಂಡು’ ಎಂಬುದನ್ನು ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಸಂತೆಗೆ ಹೊರಟ ಜಿಪುಣ ರೈತ ಓಶ್‌ಕೋರ್ನ್ ದಾರಿಯಲ್ಲಿ ಬಿದ್ದಿದ್ದ ದಾರದ ತುಂಡೊಂದನ್ನು ಎತ್ತಿಕೊಳ್ಳುತ್ತಾನೆ. ಅವನಿಗಾಗದ ಜೀನುಗಾರನೊಬ್ಬ ಅದನ್ನು ಕಾಣುತ್ತಾನೆ. ನಾಚಿಕೆಯಿಂದ ರೈತ ದಾರವನ್ನು ಅಡಗಿಸಿ, ಇನ್ನೇನನ್ನೋ ಹುಡುಕುವವನಂತೆ ನಟಿಸುತ್ತಾನೆ. ಅದೇ ಹೊತ್ತಿಗೆ 500 ಫ್ರಾಂಕುಗಳಿದ್ದ ಕೈಚೀಲವೊಂದು ಕಳೆದಿದೆಯೆಂದು ಡಂಗುರ ಹೊಡೆಯುತ್ತಾರೆ. ಅಪವಾದ ಇವನ ಮೇಲೆ. ಮರುದಿನ ಚೀಲ ಬೇರೆಯವನಿಗೆ ಸಿಕ್ಕಿ ಒಡೆಯನಿಗೆ ಮುಟ್ಟುತ್ತದೆ. ಆದರೂ ಜನ ನಂಬುವುದಿಲ್ಲ; ಇವನೇ ತೆಗೆದುಕೊಂಡು ಇನ್ನೊಬ್ಬನ ಕೈಯಲ್ಲಿ ಕೊಡಿಸಿದನೆನ್ನುತ್ತಾರೆ. ಸಿಕ್ಕಸಿಕ್ಕವರಿಗೆಲ್ಲ ದಾರದ ಕಥೆಯನ್ನು ಹೇಳಿ ಹೇಳಿ, ಹೇಳಿದಷ್ಟೂ ಸುಳ್ಳನಂತೆ ಕಾಣಿಸಿ, ಕೊರಗಿ, ಸನ್ನಿಯಲ್ಲೂ ದಾರ ದಾರ ಎಂದೇ ತೊದಲುತ್ತ ಸಾಯುತ್ತಾನೆ.

ಅಪ್ಪ ಬೀಡಿ ಹಚ್ಚದೆ ಕೇಳಿದ. ಹಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಎರಡು ಚೀಲ ಮೆಣಸಿನಕಾಯಿ ಲೆಕ್ಕಕ್ಕೆ ಬಾರದೆ ಹೋದಾಗ ಅಪ್ಪನನ್ನು ಮೂರು ದಿನ ಕೆಲಸಕ್ಕೆ ಕರೆದಿರಲಿಲ್ಲ. ನಾಲ್ಕನೆಯ ದಿನ ಚೀಲಗಳು ಬೇರೆ ರಾಶಿಯ ಹಿಂದೆ ಸಿಕ್ಕಿದವು. ಕರೆದರು, ಕೆಲಸ ಕೊಟ್ಟರು. ಆದರೆ ಅಂದಿನಿಂದ ಸಂಜೆ ಹೊರಡುವಾಗ ಅಪ್ಪ ತನ್ನ ಟವಲನ್ನು ಯಾರೂ ಕೇಳದಿದ್ದರೂ ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಕಥೆ ಮುಗಿದ ಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಸತ್ತ ಮೇಲಾದರೂ ಊರವರು ನಂಬಿದರೋ ಇಲ್ಲವೋ. ಬರೆದವನು ಅದನ್ನು ಹೇಳಿಲ್ಲವೆಂದೆ. ಅಪ್ಪ ತಲೆಯಾಡಿಸಿ, ಹಾಗಾದರೆ ಅವನಿಗೆ ಗೊತ್ತಿದೆ ಎಂದ.

‘ಹೊಲಗಳಲ್ಲಿ’ ಎಂಬ ಕಥೆಯನ್ನು ಮಾತ್ರ ಅಪ್ಪನಿಗೆ ಹೇಳಲಿಲ್ಲ. ಅಕ್ಕಪಕ್ಕದ ಎರಡು ಬಡ ಮನೆಗಳು. ಮಕ್ಕಳಿಲ್ಲದ ಸಿರಿವಂತ ದಂಪತಿಗಳು ಬಂದು ಮಗುವನ್ನು ಕೇಳುತ್ತಾರೆ. ಒಂದು ಮನೆಯ ತಾಯಿ ಮಗುವನ್ನು ಮಾರುವುದೇ ಎಂದು ಬೈದು ಅಟ್ಟುತ್ತಾಳೆ. ಇನ್ನೊಂದು ಮನೆಯವರು ಹಣದ ಕರಾರು ಮಾಡಿಕೊಂಡು ಕೊಡುತ್ತಾರೆ. ವರ್ಷಗಳ ಮೇಲೆ ಆ ಮಗ ಸಿರಿವಂತನಾಗಿ ಹೆತ್ತವರನ್ನು ನೋಡಲು ಬರುತ್ತಾನೆ. ಅದನ್ನು ಕಂಡ ಪಕ್ಕದ ಮನೆಯ ಮಗ, ತನ್ನನ್ನು ಮಾರದೆ ಉಳಿಸಿಕೊಂಡ ತಂದೆತಾಯಿಗಳನ್ನೇ ಶಪಿಸಿ ಮನೆ ಬಿಟ್ಟು ಹೋಗುತ್ತಾನೆ. ನಾನು ಹಾಸ್ಟೆಲಿಗೆ ಬಂದ ಮೊದಲ ವರ್ಷ ಅಪ್ಪ ರೊಟ್ಟಿಯ ಗಂಟು ಹಿಡಿದು ನನ್ನನ್ನು ನೋಡಲು ಬಂದಿದ್ದ. ಯಾರೆಂದು ಗೆಳೆಯರು ಕೇಳಿದಾಗ, ನಮ್ಮೂರಿನವರೊಬ್ಬರು ಎಂದಿದ್ದೆ. ಅಪ್ಪನ ಕಿವಿಗೆ ಅದು ಬಿದ್ದಿತೋ ಇಲ್ಲವೋ ಇಂದಿಗೂ ತಿಳಿಯದು. ಆ ಕಥೆಯನ್ನು ನಾನು ಓದಿದ್ದು ಅದಾದ ಎರಡು ವರ್ಷದ ಮೇಲೆ, ಗ್ರಂಥಾಲಯದಲ್ಲಿ. ಆ ದಿನ ಮುಂದೆ ಓದಲಾಗಲಿಲ್ಲ.

ಇಷ್ಟು ನಿರ್ದಯವಾಗಿ ಕಾಣಬಲ್ಲವನ ಒಳಗೆ ಆಗಲೇ ರೋಗ ಕುಳಿತಿತ್ತು. 1877ರಲ್ಲೇ ಅವನಿಗೆ ಸಿಫಿಲಿಸ್ ಎಂಬ ಗುಹ್ಯರೋಗ ಅಂಟಿರುವುದು ಗೊತ್ತಾಗಿತ್ತು. ಅಂದು ಅದಕ್ಕೆ ನಿಜವಾದ ಮದ್ದಿರಲಿಲ್ಲ. ಪೆನಿಸಿಲಿನ್ ಬಂದದ್ದು 1940ರ ದಶಕದಲ್ಲಿ. ಮೊದಲು ಅವನು ಅದನ್ನು ಲಘುವಾಗಿ ಕಂಡನು. ಆಮೇಲೆ ಕಣ್ಣಿನ ತೊಂದರೆ, ಬಿಡದ ತಲೆನೋವು, ನಿದ್ರೆಯಿಲ್ಲದ ರಾತ್ರಿಗಳು ಒಂದೊಂದಾಗಿ ಬಂದವು. ನೋವಿಗೆ ಈಥರ್ ಮೂಸುತ್ತಿದ್ದನು. ಜನರ ನಡುವೆ ಇರಲಾರದವನಾಗಿ ದೋಣಿಯೇರಿ ಮೆಡಿಟರೇನಿಯನ್ ಕಡಲಿನಲ್ಲಿ ಅಲೆಯುತ್ತಿದ್ದನು.

1887ರ ‘ಒರ್ಲಾ’ ಕಥೆ ಈ ಕಾಲದ್ದು. ಕಥೆ ಹೇಳುವವನ ಮನೆಯಲ್ಲಿ ಕಣ್ಣಿಗೆ ಕಾಣದ ಯಾವುದೋ ಒಂದು ಜೀವ ಸೇರಿಕೊಂಡಿದೆ. ರಾತ್ರಿ ಅದು ಅವನ ನೀರು ಕುಡಿಯುತ್ತದೆ, ಹಾಲು ಕುಡಿಯುತ್ತದೆ, ಅವನ ಇಚ್ಛೆಯನ್ನೇ ಕಸಿಯುತ್ತದೆ. ಒಂದು ದಿನ ಕನ್ನಡಿಯಲ್ಲಿ ತನ್ನ ಮುಖ ಕಾಣದೆ ಹೋಗುತ್ತದೆ. ಅದನ್ನು ಕೋಣೆಯಲ್ಲಿ ಕೂಡಿಹಾಕಿ ಮನೆಗೆ ಬೆಂಕಿ ಹಚ್ಚುತ್ತಾನೆ. ಒಳಗೆ ಆಳುಗಳಿರುವುದನ್ನು ಮರೆತುಬಿಟ್ಟಿರುತ್ತಾನೆ. ಇದು ಹುಚ್ಚನ ಬರಹವೆಂದು ಹೇಳುವವರುಂಟು. ನನಗೆ ಒಪ್ಪಿಗೆಯಿಲ್ಲ. ಮೊಪಾಸಾ ಆಗ ಪೂರ್ಣ ಸ್ವಸ್ಥಚಿತ್ತನಾಗಿದ್ದನು. ಪ್ಯಾರಿಸಿನಲ್ಲಿ ನರರೋಗತಜ್ಞ ಶಾರ್ಕೋನ ಉಪನ್ಯಾಸಗಳಿಗೆ ಹೋಗಿ ಕುಳಿತು ಬಂದಿದ್ದನು. ಅದೇ ಕಥೆಯನ್ನು ಹಿಂದಿನ ವರ್ಷ ಬರೆದು, ಸಾಲದೆಂದು ಮತ್ತೆ ದಿನಚರಿಯ ರೂಪದಲ್ಲಿ ಹೊಸದಾಗಿ ಬರೆದಿದ್ದನು. ಭಯ ಅವನದೇ ಇರಬಹುದು, ಆದರೆ ಲೇಖನಿ ಹಿಡಿದ ಕೈ ನಡುಗಿಲ್ಲ. ಫ್ಲೊಬೇರ್ ಅಂಗಡಿಯವನನ್ನು ದಿಟ್ಟಿಸಲು ಕಲಿಸಿದ್ದನು. ಶಿಷ್ಯ ಅದೇ ಕಣ್ಣಿನಿಂದ ತನ್ನ ಭಯವನ್ನು ದಿಟ್ಟಿಸಿದನು.

1889ರಲ್ಲಿ ತಮ್ಮ ಎರ್ವೆಗೆ ಬುದ್ಧಿ ಕೆಟ್ಟಿತು. ಅವನನ್ನು ಹುಚ್ಚಾಸ್ಪತ್ರೆಗೆ ಸೇರಿಸುವ ಕೆಲಸ ಅಣ್ಣನ ಪಾಲಿಗೆ ಬಂದಿತು. ಅದೇ ವರ್ಷದ ನವೆಂಬರಿನಲ್ಲಿ ಎರ್ವೆ ಅಲ್ಲಿಯೇ ಸತ್ತನು. ಮುಂದಿನ ವರ್ಷ ಮೊಪಾಸಾ ಬರೆದ ಕಥೆಯೊಂದರಲ್ಲಿ ಮನೆಯ ಮೇಜು ಕುರ್ಚಿಗಳೆಲ್ಲ ಒಂದು ರಾತ್ರಿ ತಾವಾಗಿಯೇ ನಡೆದುಕೊಂಡು ಹೊರಟುಹೋಗುತ್ತವೆ. ಒಡೆಯ ಕೊನೆಗೆ ತಾನಾಗಿಯೇ ಹುಚ್ಚಾಸ್ಪತ್ರೆ ಸೇರುತ್ತಾನೆ.

1891ರ ಹೊತ್ತಿಗೆ ಬರೆಯುವುದು ಅಸಾಧ್ಯವಾಯಿತು. ಪದಗಳು ಕೈಕೊಟ್ಟವು. 1892ರ ಹೊಸವರ್ಷದ ದಿನ ಅವನು ನೀಸ್ ನಗರದಲ್ಲಿದ್ದ ತಾಯಿಯನ್ನು ಕಂಡು ಕಾನ್ ಊರಿನ ತನ್ನ ಮನೆಗೆ ಹಿಂದಿರುಗಿದನು. ಆ ರಾತ್ರಿ ಪಿಸ್ತೂಲನ್ನು ತಲೆಗೆ ಹಿಡಿದನು. ನಂಬಿಕೆಯ ಸೇವಕ ಫ್ರಾಂಸ್ವಾ ತಾಸಾರ್ ಅದರ ಗುಂಡುಗಳನ್ನು ಮೊದಲೇ ತೆಗೆದಿಟ್ಟಿದ್ದನು. ಆಮೇಲೆ ಕೊರಳನ್ನು ಕೊಯ್ದುಕೊಂಡನು, ಗಾಯ ಆಳವಾಗಿರಲಿಲ್ಲ. ಕೆಲವು ದಿನಗಳಲ್ಲಿ ಅವನನ್ನು ರೈಲಿನಲ್ಲಿ ಪ್ಯಾರಿಸಿಗೆ ಕರೆದೊಯ್ದು ಪಾಸಿಯಲ್ಲಿದ್ದ ವೈದ್ಯ ಬ್ಲಾಂಶನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಹದಿನೆಂಟು ತಿಂಗಳು ಇದ್ದನು. ಮೂರು ತಿಂಗಳ ಹಿಂದಿನವರೆಗೂ ಒಂದು ಪದವನ್ನು ಆರಿಸಲು ಹೆಣಗುತ್ತಿದ್ದವನಿಗೆ ಈಗ ಯಾವ ಪದವೂ ಬೇಕಿರಲಿಲ್ಲ.

1893ರ ಜುಲೈ 6ರಂದು ಮೊಪಾಸಾ ತೀರಿಕೊಂಡನು. ನಲವತ್ತಮೂರು ತುಂಬಲು ಇನ್ನೂ ಒಂದು ತಿಂಗಳಿತ್ತು. ಮೋಂಪಾರ್ನಾಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು, ಜೋಲಾ ಮಾತನಾಡಿದನು. ಮರುವರ್ಷ ರಷ್ಯದಲ್ಲಿ ಟಾಲ್‌ಸ್ಟಾಯ್ ಅವನ ಬಗ್ಗೆ ದೀರ್ಘವಾದ ಪ್ರಬಂಧ ಬರೆದು, ನೀತಿಯ ವಿಷಯದಲ್ಲಿ ಕಟುವಾಗಿ ಟೀಕಿಸಿದರೂ, ಅವನ ಕಣ್ಣನ್ನು ಮೆಚ್ಚಿಕೊಂಡನು. ಸೇವಕ ತಾಸಾರ್ ಹಲವು ವರ್ಷಗಳ ಮೇಲೆ ತನ್ನ ಯಜಮಾನನ ನೆನಪುಗಳನ್ನು ಪುಸ್ತಕವಾಗಿ ಬರೆದನು.

ಗ್ರಂಥಾಲಯದ ಆ ಪುಸ್ತಕವನ್ನು ಪರೀಕ್ಷೆಗೆ ಮೊದಲು ಹಿಂದಿರುಗಿಸಬೇಕು. ಅಪ್ಪ ಇನ್ನೊಂದು ಕಥೆ ಹೇಳೆಂದು ಕೇಳಿದ್ದಾನೆ. ಈ ಸಲ ಊರಿಗೆ ಹೋದಾಗ ‘ಹೊಲಗಳಲ್ಲಿ’ ಕಥೆಯನ್ನೇ ಹೇಳುತ್ತೇನೆ.